91 ಆಕ್ಟೇನ್ ಪೆಟ್ರೋಲ್ ಸಾಕಾಗೋ ಗಾಡಿಗೆ 95 ಹಾಕಿದ್ರೆ ನಿಜವಾಗ್ಲೂ ಏನಾದ್ರೂ ಉಪಯೋಗ ಇದೆಯಾ?

ನಾಗರಭಾವಿ_ನಂದಿ • #1

ಪ್ರಶ್ನೆ ಹಳೇದು, ಗೊತ್ತು. ಆದ್ರೆ ಈಗ ನನ್ನ ಜೇಬಿಗೇ ಬಂದಿದೆ, ಅದಕ್ಕೆ ಕೇಳ್ತಿದ್ದೀನಿ.

ಗಾಡಿ 2021ರ ಸ್ವಿಫ್ಟ್, 1.2 ಪೆಟ್ರೋಲ್, 46,000 ಕಿ.ಮೀ. ಆಗಿದೆ. ಮೂರು ತಿಂಗಳಿಂದ ನಮ್ಮ ಏರಿಯಾ ಬಂಕ್‌ನಲ್ಲಿ ಗಾಡಿ ನಿಲ್ಲಿಸಿ ಮುಚ್ಚಳ ತೆಗೆಯೋಷ್ಟರಲ್ಲಿ ಹುಡುಗ "ಸಾರ್, ಪ್ರೀಮಿಯಂ ಹಾಕ್ಲಾ?" ಅಂತಾನೆ. ಅಂದ್ರೆ 95. ನಾರ್ಮಲ್ ಅನ್ನೋ ಮಾತೇ ಅವನ ಬಾಯಲ್ಲಿಲ್ಲ. ಹೋದ ವಾರ ಫೋನಲ್ಲಿ ಮಾತಾಡ್ತಾ ಇದ್ದೆ, "ಹೂಂ" ಅಂದ್ಬಿಟ್ಟೆ. 30 ಲೀಟರ್ ಇಳೀತು. ಲೀಟರ್‌ಗೆ ಏಳು ರೂಪಾಯಿ ಜಾಸ್ತಿ. ಒಂದು ಹೂಂಗೆ 210 ರೂಪಾಯಿ.

ಇನ್ನೊಂದು ವಿಷಯ. ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗಿ ವಾಪಸ್ ಚಾರ್ಮಾಡಿ ಹತ್ತುವಾಗ, ನಾಲ್ಕು ಜನ, ಏಸಿ ಆನ್, ಮೂರನೇ ಗೇರ್, ಎಲ್ಲಿಂದಲೋ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದ ಹಾಗೆ ಸದ್ದು. ಆಕ್ಸಿಲರೇಟರ್ ಬಿಟ್ರೆ ನಿಲ್ಲುತ್ತೆ. ಆಫೀಸಲ್ಲಿ ಒಬ್ಬ "ಅದು ನಾಕಿಂಗ್ ಗುರು, 95 ಹಾಕು, ಹೋಗುತ್ತೆ" ಅಂದ. ನಮ್ಮ ಭಾವಮೈದ ಇನ್ನೂ ಒಂದು ಹೆಜ್ಜೆ ಮುಂದೆ: ತಿಂಗಳಿಗೊಂದು ಸಲ 100 ಹಾಕ್ಸು, ಒಳಗೆಲ್ಲ ತೊಳೆದು ಬರುತ್ತೆ ಅಂತಾನೆ.

ಮೈಲೇಜ್ ಹೆಚ್ಚುತ್ತಾ? ಸದ್ದು ಹೋಗುತ್ತಾ? ಇಂಜಿನ್ ಕ್ಲೀನ್ ಆಗುತ್ತಾ? ಬಲ್ಲವರು ಹೇಳಿ.

ಟ್ಯಾಂಕ್‌ಫುಲ್_ತಿಪಟೂರು • #2

ಎರಡು ವರ್ಷದಿಂದ 95 ಬಿಟ್ಟು ಬೇರೆ ಮುಟ್ಟಿಲ್ಲ. ಪಿಕಪ್ ಬೆಣ್ಣೆ ಥರ. ನಾಲ್ಕನೇ ಗೇರಲ್ಲೇ ಹಂಪ್ ದಾಟ್ತೀನಿ. ಹಾಕಿ ನೋಡಿ, ಆಮೇಲೆ ಮಾತಾಡಿ.

ಸರಪಟಾಕಿ_ಮೇಷ್ಟ್ರು • #3

ಮೂವತ್ತು ವರ್ಷ ಮೈಸೂರಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವನು, ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಎಲ್ಲರೂ ಎಡವುವುದು ಒಂದೇ ಕಡೆ: ಆಕ್ಟೇನ್ ಎಂದರೆ ಶಕ್ತಿ ಎಂದುಕೊಳ್ಳುತ್ತಾರೆ. ಅಲ್ಲ. ಅದು ಪೆಟ್ರೋಲಿನ ತಾಳ್ಮೆ. ಸಿಲಿಂಡರ್ ಒಳಗೆ ಗಾಳಿ, ಪೆಟ್ರೋಲ್ ಆವಿ ಎರಡನ್ನೂ ಒತ್ತಿ ಒತ್ತಿ ಬಿಸಿ ಮಾಡಿದಾಗ, ಪ್ಲಗ್ ಕಿಡಿ ಕೊಡುವ ತನಕ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬ ಲೆಕ್ಕ ಅದು. 95ರ ಒಂದು ಲೀಟರಿನಲ್ಲಿ 91ರ ಒಂದು ಲೀಟರಿಗಿಂತ ಹೆಚ್ಚು ಶಾಖ ತುಂಬಿಟ್ಟಿರುವುದಿಲ್ಲ.

ಕ್ಲಾಸಿನಲ್ಲಿ ನಾನು ಸರಪಟಾಕಿ ಉದಾಹರಣೆ ಕೊಡುತ್ತಿದ್ದೆ, ಈ ಹೆಸರೂ ಹುಡುಗರು ಇಟ್ಟದ್ದೇ. ಸರದ ಒಂದು ತುದಿಗೆ ಬೆಂಕಿ ಇಟ್ಟರೆ ಪಟಪಟ ಅಂತ ವರಸೆಯಲ್ಲಿ ಸಿಡಿಯುತ್ತಾ ಹೋಗಬೇಕು. ಪ್ಲಗ್ಗಿನಿಂದ ಹೊರಟ ಜ್ವಾಲೆಯೂ ಹಾಗೇ, ಒಂದು ಕಡೆಯಿಂದ ಉರಿಯುತ್ತಾ ಹೋಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳಬೇಕು. ಆದರೆ ಮುಂದೆ ಬರುವ ಜ್ವಾಲೆ ಆಚೆ ಮೂಲೆಯ ಉರಿಯದ ಮಿಶ್ರಣವನ್ನು ಇನ್ನಷ್ಟು ಒತ್ತುತ್ತದೆ. ಅದಕ್ಕೆ ತಾಳ್ಮೆ ಸಾಲದಿದ್ದರೆ ತನ್ನ ಸರದಿಗೆ ಕಾಯದೆ ಒಟ್ಟಿಗೇ ಢಂ ಎನ್ನುತ್ತದೆ. ಲೋಹಕ್ಕೆ ಸುತ್ತಿಗೆ ಏಟು ಬಿದ್ದಂತೆ. ಅದೇ ನಾಕಿಂಗ್.

ಅಳತೆ ಎರಡು ದ್ರವಗಳ ಮೇಲೆ ನಿಂತಿದೆ. ಐಸೋಆಕ್ಟೇನ್‌ಗೆ 100, ಹೆಪ್ಟೇನ್‌ಗೆ 0. ಮೊದಮೊದಲು ಆ ಹೆಪ್ಟೇನನ್ನು ಅಮೆರಿಕದ ಒಂದು ಜಾತಿಯ ಪೈನ್ ಮರದ ಅಂಟನ್ನು ಭಟ್ಟಿ ಇಳಿಸಿ ತೆಗೆಯುತ್ತಿದ್ದರು, ಯಾರೂ ನಂಬುವುದಿಲ್ಲ. ಕಂಪ್ರೆಷನ್, ಅಂದರೆ ಆ ಒತ್ತುವ ಪ್ರಮಾಣವನ್ನು, ಏರಿಸಿ ಇಳಿಸಬಹುದಾದ ಒಂದೇ ಸಿಲಿಂಡರಿನ ವಿಶೇಷ ಇಂಜಿನ್ ಇದೆ. ಅದರಲ್ಲಿ ನಿಮಿಷಕ್ಕೆ 600 ಸುತ್ತಿನಲ್ಲಿ ಓಡಿಸಿ ಪರೀಕ್ಷಿಸಿದರೆ ಬರುವುದು ರಿಸರ್ಚ್ ಆಕ್ಟೇನ್, 900ರಲ್ಲಿ ಹೆಚ್ಚು ಬಿಸಿ ಮಾಡಿ ನೋಡಿದರೆ ಬರುವುದು ಮೋಟಾರ್ ಆಕ್ಟೇನ್. ನಮ್ಮ ಬಂಕಿನಲ್ಲಿ ಕಾಣುವ 91, 95 ಎಲ್ಲ ಮೊದಲನೆಯ ಲೆಕ್ಕ.

ಒಂದೇ ಕೆಲಸ ಮಾಡಿ. ಗ್ಲೋವ್ ಬಾಕ್ಸಿನಲ್ಲಿ ಸರ್ವಿಸ್ ಬಿಲ್ಲುಗಳ ಕೆಳಗೆ ಮಲಗಿರುವ ಪುಸ್ತಕ ತೆಗೆದು ಇಂಧನದ ಪುಟ ನೋಡಿ.

ನಾಗರಭಾವಿ_ನಂದಿ • #4

ನೋಡಿದೆ ಸಾರ್. "91 ಅಥವಾ ಹೆಚ್ಚು" ಅಂತಿದೆ. ಆ "ಅಥವಾ ಹೆಚ್ಚು" ನೋಡಿ ಮತ್ತೆ ತಲೆ ಕೆಡ್ತು.

ಸರಪಟಾಕಿ_ಮೇಷ್ಟ್ರು • #5

ಆರಡಿ ಬಾಗಿಲು ಐದೂವರೆ ಅಡಿ ಎತ್ತರದವನಿಗೆ ಸಾಕು. ಏಳಡಿ ಬಾಗಿಲಿಟ್ಟರೆ ಬೇಡ ಅನ್ನುವುದಿಲ್ಲ, ಆದರೆ ಅವನೇನೂ ಉದ್ದವಾಗುವುದಿಲ್ಲ.

ಸಾನ್‌ಹೋಸೆ_ಸಾರು • #6

ಇಲ್ಲಿ ಒಂದು ಗೊಂದಲ ಬಿಡಿಸ್ತೀನಿ. ಊರಿಂದ ಬಂದವರೆಲ್ಲ ಇಲ್ಲಿನ ಪಂಪ್ ನೋಡಿ "ಅಯ್ಯೋ, ಅಮೆರಿಕದಲ್ಲಿ ಬರೀ 87 ಹಾಕ್ತೀರಾ, ನಮ್ಮಲ್ಲಿ 91 ಕೊಡ್ತಾರೆ" ಅಂತಾರೆ. ನಮ್ಮಪ್ಪನೂ ಅಂದ್ರು. ಇಲ್ಲಿ ಬರೆಯೋದು ಮೇಷ್ಟ್ರು ಹೇಳಿದ ಎರಡು ಅಂಕಿಗಳ ಸರಾಸರಿ. ಇಲ್ಲಿನ 87 ಹೆಚ್ಚುಕಮ್ಮಿ ಅಲ್ಲಿನ 91.

ಇಲ್ಲಿನ ವಾಹನ ಚಾಲಕರ ಸಂಘ ಎಎಎ, 2016ರಲ್ಲಿ ಇದನ್ನೇ ಪರೀಕ್ಷೆ ಮಾಡಿತ್ತು. ರೆಗ್ಯುಲರ್ ಸಾಕು ಅಂತ ತಯಾರಕರೇ ಹೇಳಿದ ಕಾರುಗಳು, ಒಂದು ನಾಲ್ಕು ಸಿಲಿಂಡರ್, ಒಂದು ಆರು, ಒಂದು ಎಂಟು. ರೋಲರ್ ಮೇಲೆ ನಿಲ್ಲಿಸಿ ಶಕ್ತಿ, ಮೈಲೇಜ್, ಹೊಗೆ ಮೂರನ್ನೂ ಅಳೆದರು. ಪ್ರೀಮಿಯಂನಿಂದ ಹೇಳಿಕೊಳ್ಳುವಂಥ ಲಾಭ ಒಂದರಲ್ಲೂ ಸಿಗಲಿಲ್ಲ. ಹಿಂದಿನ 12 ತಿಂಗಳಲ್ಲಿ ಅಮೆರಿಕದ ಜನ ಹೀಗೆ ಬೇಡದ ಪ್ರೀಮಿಯಂಗೆ 210 ಕೋಟಿ ಡಾಲರ್ ಸುರಿದಿದ್ದಾರೆ ಅಂತ ಅವರ ಅಂದಾಜು. ನಂದಿಯವರ 210 ರೂಪಾಯಿಗೂ ಇದಕ್ಕೂ ಅಂಕಿ ಹೊಂದಿದ್ದು ಕಾಕತಾಳೀಯ.

ಗ್ಯಾರೇಜ್_ಹುಬ್ಬಳ್ಳಿ • #7

ನಮಸ್ಕಾರ್ರಿ. ಮೇಷ್ಟ್ರು ಪುಸ್ತಕದಾಗಿನದು ಹೇಳಿದ್ರು, ನಾ ಕೈಯಾಗಿನದು ಹೇಳ್ತೀನಿ.

ನಾಕಿಂಗ್ ಅಂದ್ರ ಬರೇ ಸಪ್ಪಳ ಅಲ್ರಿ. ನನ್ನ ಬೆಂಚಿನ ಮ್ಯಾಲೆ ಒಂದು ಪಿಸ್ಟನ್ ಇಟ್ಟೀನಿ, ಕಲಿಯಾಕ ಬಂದ ಹುಡುಗ್ರಿಗೆ ತೋರಿಸಾಕ. ಹಳೇ ಕಾರ್ಬ್ಯುರೇಟರ್ ಗಾಡಿದು. ಅದರ ಅಂಚು ನೋಡಿದ್ರ ಇಲಿ ಕಡದಂಗ ಐತಿ, ಸಣ್ಣ ಸಣ್ಣ ತೂತು. ರಿಂಗ್ ಕುಂದ್ರೊ ಜಾಗ ಒಡದು ಚೂರಾಗೇತಿ. ಆ ಗಾಡಿ ಪ್ಲಗ್ ತಗದು ಬಿಳಿ ಪಿಂಗಾಣಿ ಮ್ಯಾಲೆ ಭೂತಗನ್ನಡಿ ಹಿಡದ್ರ ಮೆಣಸಿನ ಪುಡಿ ಉದುರಿಸಿದಂಗ ಕಪ್ಪು ಚುಕ್ಕಿ, ನಡುನಡುವ ಮಿಂಚೋ ಬೆಳ್ಳಿ ಚುಕ್ಕಿ. ಆ ಬೆಳ್ಳಿ ಏನು ಗೊತ್ತೇನ್ರಿ? ಪಿಸ್ಟನ್ನಿಂದ ಕಿತ್ತು ಬಂದ ಅಲ್ಯೂಮಿನಿಯಂ. ಸೀಮೆಎಣ್ಣಿ ಬೆರಸಿದ ಪೆಟ್ರೋಲ್ ವರ್ಷಗಟ್ಲೆ ಕುಡದಿತ್ತು ಅದು. ಸೀಮೆಎಣ್ಣಿಗೆ ಆಕ್ಟೇನ್ ಭಾಳ ಕಡಿಮಿ.

ಆಗಿನ ಕಾಲದಾಗ ನಾವು ಪ್ಲಗ್ಗಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರ್ ಸಡ್ಲ ಮಾಡಿ, ಕೂದಲೆಳಿಯಷ್ಟು ತಿರುಗಿಸಿ, ಕಿಡಿ ತಡಾ ಬರೂವಂಗ ಮಾಡಿ ಬಿಗಿತಿದ್ವಿ. ಸಪ್ಪಳ ಹೋಗ್ತಿತ್ತು, ಜೊತಿಗೆ ಪಿಕಪ್ಪೂ ಹೋಗ್ತಿತ್ತು. ಈಗಿನ ಗಾಡಿಯೊಳಗ ಆ ಕೆಲಸ ಇಸಿಯು ಅನ್ನೂ ಕಂಪ್ಯೂಟರ್ ಮಾಡ್ತೈತಿ. ಬ್ಲಾಕಿನ ಮ್ಯಾಲೆ ನಾಕ್ ಸೆನ್ಸರ್ ಅಂತ ಒಂದು ಕಿವಿ ಐತಿ, ಸಪ್ಪಳ ಕೇಳಿದ ಕೂಡಲೇ ಇಸಿಯು ಕಿಡಿ ಹಿಂದಕ್ಕ ತಗೋತೈತಿ, ನಿಮಗ ಗೊತ್ತಾಗೂದ್ರಾಗ ಮುಗದಿರ್ತೈತಿ.

ಅದಕ್ಕ ನಂದಿ ಸಾಹೇಬ್ರಿಗೆ ಒಂದು ಪ್ರಶ್ನೆ. ನಿಮ್ಮ 2021ರ ಗಾಡಿ ಕಿವಿಗೆ ಕೇಳೂವಷ್ಟು ಗದ್ಲ ಮಾಡಬಾರದು. ಸಪ್ಪಳ ಇಂಜಿನ್ನಿಂದನೇ ಬರ್ತೈತೋ, ಕೆಳಗಿಂದ ಬರ್ತೈತೋ? ಗಾಡಿ ನಿಲ್ಲಿಸಿ, ನ್ಯೂಟ್ರಲ್ಲಿನ್ಯಾಗ ನಿಮಿಷಕ್ಕ 2,000 ಸುತ್ತಿಗೆ (ಆರ್‌ಪಿಎಮ್) ಏರಿಸಿ ನೋಡ್ರಿ. ಲೋಡ್ ಇಲ್ದ ನಾಕಿಂಗ್ ಬರಂಗಿಲ್ಲ. ಅಲ್ಲೂ ಸಪ್ಪಳ ಬಂತಂದ್ರ ಅದು ಬ್ಯಾರೆ ರೋಗ.

ನಾಗರಭಾವಿ_ನಂದಿ • #8

ನೋಡ್ತೀನಿ ಅಣ್ಣ. ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಏನೂ ಸರಿಯಾಗಿ ಕೇಳಲ್ಲ.

ಕುಡ್ಲದ_ಚಾಲಕ • #9

ಹುಬ್ಬಳ್ಳಿಯವರು ಹೇಳಿದ್ದು ಸರಿ ಮಾರಾಯ್ರೆ. ಆದ್ರೆ ಘಾಟಿಯವರ ಕಷ್ಟ ಘಾಟಿಯವರಿಗೇ ಗೊತ್ತು. ನಾನು ವಾರಕ್ಕೆ ಎರಡು ಸಲ ಶಿರಾಡಿ ಹತ್ತುವವ, ಬಾಡಿಗೆ ಗಾಡಿ. ಹೊಸ ಹುಡುಗರು ಮಾಡುವುದು ಎಂತ ಅಂದ್ರೆ, ಗೇರ್ ಇಳಿಸ್ಲಿಕ್ಕೆ ಸೋಮಾರಿತನ. 40ರಲ್ಲಿ ನಾಲ್ಕನೇ ಗೇರ್ ಹಾಕಿ ಪೆಡಲ್ ನೆಲಕ್ಕೆ ಒತ್ತುವುದು. ಇಂಜಿನ್ ಕೆಮ್ಮುತ್ತದೆ, ಇವರು ಪೆಟ್ರೋಲಿಗೆ ಬೈಯುತ್ತಾರೆ. ನಿಧಾನ ತಿರುಗುವ ಇಂಜಿನ್‌ಗೆ ಪೂರ್ತಿ ಭಾರ ಕೊಟ್ರೆ ನಾಕಿಂಗ್ ಬರ್ಲಿಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಎರಡಕ್ಕೆ ಇಳಿಸಿ, 3,000 ತಿರುಗಲಿ, ಸದ್ದು ಉಂಟಾ ನೋಡಿ.

ಇನ್ನೊಂದು ಗಮ್ಮತ್ತು. ಬೆಂಗಳೂರು ಸಮುದ್ರದಿಂದ 900 ಮೀಟರ್ ಮೇಲೆ ಉಂಟಲ್ಲ, ಅಲ್ಲಿ ಗಾಳಿಯೇ ತೆಳು, ಹತ್ತು ಪರ್ಸೆಂಟ್ ಹತ್ರ ಕಡಿಮೆ. ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಟರ್ಬೊ ಇಲ್ಲದ ಗಾಡಿಯ ಸಿಲಿಂಡರಿಗೆ ಅಷ್ಟು ಕಡಿಮೆ ಗಾಳಿ ಹೋಗ್ತದೆ, ಒತ್ತಡವೂ ಕಡಿಮೆ, ನಾಕಿಂಗೂ ಕಡಿಮೆ. ಹೆಚ್ಚು ಆಕ್ಟೇನ್ ಬೇಕಾದ್ದು ಸೆಖೆಯಲ್ಲಿ ಬೇಯುವ ನಮಗೆ, ಹಾಕಿಸುವುದು ತಂಪಲ್ಲಿ ಕೂತ ನೀವು!

ಸಾನ್‌ಹೋಸೆ_ಸಾರು • #10

ನಿಜ. ಇಲ್ಲಿ ಡೆನ್ವರ್ ಕಡೆ ಬೆಟ್ಟದ ಊರುಗಳಲ್ಲಿ ರೆಗ್ಯುಲರ್ ಅಂದ್ರೆ 85, 87 ಅಲ್ಲ. ಕಾರಣ ಇದೇ. ಹಳೇ ಕಾರ್ಬ್ಯುರೇಟರ್ ಕಾಲದ ಪದ್ಧತಿ ಅದು, ಹೊಸ ಕಾರಿಗೆ ಅಲ್ಲಿಯೂ 87 ಹಾಕಿ ಅಂತಲೇ ತಯಾರಕರು ಹೇಳೋದು.

ಕಬ್ಬಿನಗದ್ದೆ_ಮಂಡ್ಯ • #11

ಎಲ್ರೂ 91, 91 ಅಂತ ಬಡ್ಕತಾ ಇದ್ದೀರಲ್ಲ, ಈಗ ಬಂಕಲ್ಲಿ 91 ಎಲ್ಲೈತೆ ಸ್ವಾಮಿ?

ಈಗ ನಾರ್ಮಲ್ ಅಂತ ಕೊಡೋದು ಇ20. ಇಪ್ಪತ್ತು ಭಾಗ ಎಥನಾಲು. ನಮ್ಮಂತೋರ ಗದ್ದೆ ಕಬ್ಬು, ಜೊತೆಗೆ ಮೆಕ್ಕೆಜೋಳ, ಅಕ್ಕಿ. ಎಥನಾಲಿನ ಆಕ್ಟೇನೇ 108ರ ಮೇಲೆ. 91ಕ್ಕೆ ಅದನ್ನ ಬೆರೆಸಿದ್ರೆ ಏನಾಯ್ತದೆ? ಪೆಟ್ರೋಲಿಯಂ ಸಚಿವಾಲಯದೋರೇ 2025ರ ಆಗಸ್ಟಲ್ಲಿ ಹೇಳವ್ರೆ: ಬಿಎಸ್2 ಹೊಗೆ ನಿಯಮದ ಕಾಲದಲ್ಲಿ 88 ಇದ್ದದ್ದು ಬಿಎಸ್6ಕ್ಕೆ 91 ಆಯ್ತು, ಇ20 ಬಂದ ಮೇಲೆ 95 ಆಯ್ತು ಅಂತ.

ನೀವು ಏಳು ರೂಪಾಯಿ ಜಾಸ್ತಿ ಕೊಟ್ಟು ತಗೊಳೋ ತಾಳ್ಮೆನ ನಮ್ಮ ಕಬ್ಬು ಆಗ್ಲೇ ಪುಕ್ಕಟೆ ಬೆರೆಸಿ ಕೊಟ್ಟದೆ ಕಣ್ರಪ್ಪ.

ಟ್ಯಾಂಕ್‌ಫುಲ್_ತಿಪಟೂರು • #12

ಪುಕ್ಕಟೆನಾ? ನನ್ನ ಮೈಲೇಜ್ ತಿಂದು ಕೊಟ್ಟಿದೆ. ಇ20 ಬಂದ ಮೇಲೆ ಲೀಟರ್‌ಗೆ ಒಂದು ಕಿ.ಮೀ. ಹೋಯ್ತು, ಅದರ ಲೆಕ್ಕ ಯಾರು ಕೊಡ್ತಾರೆ?

ಸರಪಟಾಕಿ_ಮೇಷ್ಟ್ರು • #13

ಇಬ್ಬರೂ ಸರಿ. ಇಬ್ಬರ ಮಾತೂ ಒಂದೇ ಬಾಟಲಿಯಲ್ಲಿದೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಾಖ, ಒಂದು ಲೀಟರ್ ಎಥನಾಲಿನಲ್ಲಿ ಸುಮಾರು 21. ಮೂರನೇ ಒಂದು ಭಾಗ ಕಡಿಮೆ. ಇಪ್ಪತ್ತು ಭಾಗ ಬೆರೆಸಿದರೆ ಶುದ್ಧ ಪೆಟ್ರೋಲಿಗಿಂತ ಶಾಖ ಶೇ 7ರ ಹತ್ತಿರ ಕಡಿಮೆಯಾಗುತ್ತದೆ. ಈ ಮೊದಲಿನ ಹತ್ತು ಭಾಗದ ಮಿಶ್ರಣಕ್ಕೆ ಹೋಲಿಸಿದರೆ ಇಳಿಕೆ ಅದರ ಅರ್ಧ. ಆಕ್ಟೇನ್ ಏರಿತು, ಶಕ್ತಿ ಇಳಿಯಿತು! ಆಕ್ಟೇನ್ ಮತ್ತು ಶಕ್ತಿ ಬೇರೆ ಬೇರೆ ಎಂದು ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಈಗ ಬಂಕಿನವರೇ ಪ್ರಾಯೋಗಿಕವಾಗಿ ತೋರಿಸುತ್ತಿದ್ದಾರೆ.

ಇ20ಕ್ಕೆಂದೇ ಹೊಂದಿಸಿದ ಹೊಸ ಇಂಜಿನ್ ಆದರೆ ಹೆಚ್ಚಿದ ಆಕ್ಟೇನನ್ನು ಬಳಸಿಕೊಂಡು ನಷ್ಟವನ್ನು ಸ್ವಲ್ಪ ತುಂಬಿಕೊಳ್ಳಬಹುದು. ನಂದಿಯವರ 2021ರ ಗಾಡಿಗೆ ಆ ಭಾಗ್ಯ ಇಲ್ಲ. ಅಂದ ಹಾಗೆ ಪ್ರಧಾನಿ ಇ20ಯನ್ನು ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು.

ಡೀಸೆಲ್_ದಾವಣಗೆರೆ • #14

ಡೀಸೆಲ್‌ಗೂ ಪ್ರೀಮಿಯಂ ಬರುತ್ತಲ್ಲ, ಅದರ ಆಕ್ಟೇನ್ ಎಷ್ಟು?

ಗ್ಯಾರೇಜ್_ಹುಬ್ಬಳ್ಳಿ • #15

ಡೀಸೆಲ್‌ಗೆ ಆಕ್ಟೇನ್ ಕೇಳಬ್ಯಾಡ್ರಿ, ಅಲ್ಲಿ ಸೀಟೇನ್ ಅಂತ. ಪೂರಾ ಉಲ್ಟಾ. ಪೆಟ್ರೋಲ್ ತಾನಾಗೇ ಹೊತ್ತಬಾರದು, ಡೀಸೆಲ್ ಲಗೂನ ಹೊತ್ತಬೇಕು. ಬ್ಯಾರೆ ಚರ್ಚೆ ತಗೀರಿ.

ಒತ್ತಡ_1.0 • #16

ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. 95 ಎಲ್ಲರಿಗೂ ವೇಸ್ಟ್ ಅನ್ನೋ ತೀರ್ಮಾನಕ್ಕೆ ಬಂದುಬಿಡ್ತೀರೇನೋ ಅಂತ ಈಗ ಬರೀತಿದ್ದೀನಿ. ನನ್ನದು 1.0 ಟರ್ಬೊ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್. ಟರ್ಬೊ ಗಾಳೀನ ಒತ್ತಿ ಒಳಗೆ ತಳ್ಳುತ್ತೆ, ಅದು ಮತ್ತೆ ಸಿಲಿಂಡರ್‌ನಲ್ಲಿ ಒತ್ತಿಸ್ಕೊಳ್ಳುತ್ತೆ. ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದ ಹತ್ತಿರ ಹೆದ್ದಾರಿಯಲ್ಲಿ ಲಾರಿ ಓವರ್‌ಟೇಕ್ ಮಾಡೋವಾಗ ಇಸಿಯು ಎಷ್ಟು ಡಿಗ್ರಿ ಕಿಡಿ ಹಿಂದಕ್ಕೆ ತಗೋತಿದೆ ಅಂತ ಇಂಜಿನ್ ಮಾಹಿತಿ ಓದೋ ಓಬಿಡಿ ಡಾಂಗಲ್ ಹಾಕಿ ಫೋನಲ್ಲಿ ನೋಡಿದ್ದೀನಿ. 95 ಇದ್ದಾಗ ಅಷ್ಟು ಹಿಂದೆ ಹೋಗಲ್ಲ. ಊರೊಳಗೆ ಸಿಲ್ಕ್ ಬೋರ್ಡ್‌ನಲ್ಲಿ ನಿಂತಿರೋವಾಗ ಎರಡಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ.

ಕೈಪಿಡಿಯಲ್ಲಿ ಮೂರು ಥರ ಬರೆದಿರುತ್ತೆ. "91 ಸಾಕು" ಅಂದ್ರೆ ಮೇಲಿನ ಚರ್ಚೆ ಮುಗೀತು. "95 ಕಡ್ಡಾಯ" ಅಂದ್ರೂ ಚರ್ಚೆ ಮುಗೀತು, ಹಾಕ್ಲೇಬೇಕು. "95 ಶಿಫಾರಸು, 91 ನಡೆಯುತ್ತೆ" ಅನ್ನೋ ಮೂರನೇ ಗುಂಪಿಗೆ ಮಾತ್ರ ಪ್ರಯೋಜನ ಕಾಣೋದು. ಅದೇ ಎಎಎ 2017ರಲ್ಲಿ ಆ ಗುಂಪಿನ ಕಾರುಗಳನ್ನೂ ಪರೀಕ್ಷಿಸಿತ್ತು. ಮೈಲೇಜ್ ಸರಾಸರಿ ಶೇ 2.7, ಶಕ್ತಿ ಶೇ 1.4 ಹೆಚ್ಚಾಯ್ತು ಅಷ್ಟೇ. ಕೊಟ್ಟ ಹೆಚ್ಚುವರಿ ದುಡ್ಡು ಆ ಗುಂಪಿಗೂ ವಾಪಸ್ ಬರಲಿಲ್ಲ. ನಾನು ಉದ್ದದ ಪ್ರಯಾಣಕ್ಕೆ ಮಾತ್ರ ಹಾಕಿಸ್ತೀನಿ, ಖುಷಿಗೆ. ಉಳಿತಾಯ ಅಂತ ಹೇಳ್ಕೊಳ್ಳಲ್ಲ.

ಕಂಪ್ರೆಷನ್ ಅಂಕಿ ಮಾತ್ರ ನೋಡಿ ಹೆದರ್ಬೇಡಿ. ನಂದಿ ಅವರ ಇಂಜಿನ್ 12ಕ್ಕೆ 1. ಕಾರ್ಬ್ಯುರೇಟರ್ ಕಾಲದ ನಮ್ಮ ಗಾಡಿಗಳಲ್ಲಿ 9 ದಾಟಿದ್ರೆ ದೊಡ್ಡ ಮಾತು. ಆದ್ರೂ 91 ಸಾಕು ಅಂತಾರೆ, ಯಾಕಂದ್ರೆ ಇಂಜೆಕ್ಷನ್, ಕೂಲಿಂಗ್, ಕಿಡಿ ಲೆಕ್ಕ ಎಲ್ಲ ಅಷ್ಟು ಸುಧಾರಿಸಿದೆ. ಟೊಯೊಟಾ ಹೈರೈಡರ್ ಹೈಬ್ರಿಡ್‌ನದು 13. ಅಲ್ಲಿ ಗಾಳಿ ಒಳಬಿಡೋ ವಾಲ್ವ್ ತಡವಾಗಿ ಮುಚ್ಚುತ್ತೆ, ಹಾಗಾಗಿ ನಿಜಕ್ಕೂ ಒತ್ತೋದು ಅದಕ್ಕಿಂತ ಕಡಿಮೆ.

ದುಬೈ_ದೋಸೆ • #17

ಇಲ್ಲಿ ಮೂರು ಇದೆ. ಇ-ಪ್ಲಸ್ 91, ಸ್ಪೆಷಲ್ 95, ಸೂಪರ್ 98. ಊರಿಂದ ಹೊಸದಾಗಿ ಬಂದವರು "ಸೂಪರ್" ಹೆಸರು ನೋಡಿ ಬಾಡಿಗೆ ಕರೋಲಾಗೂ 98 ತುಂಬಿಸ್ತಾರೆ. ಹತ್ತು ವರ್ಷ ಇದ್ದವರು ಸ್ಪೆಷಲ್. ಹೆಸರು ಇಟ್ಟವನಿಗೆ ಜನರ ಮನಸ್ಸು ಗೊತ್ತಿತ್ತು.

ಸ್ಟುಟ್‌ಗಾರ್ಟ್_ಸಣ್ಣಯ್ಯ • #18

ಜರ್ಮನಿಯಲ್ಲಿ ಈಗ ಬಂಕಿನಲ್ಲಿ 91 ಹುಡುಕಿದರೂ ಸಿಗುವುದಿಲ್ಲ. ಅತಿ ಅಗ್ಗದ ಇ10 ಕೂಡ 95. ಹಾಗಾಗಿ ಇಲ್ಲಿನ ಇಂಜಿನ್‌ಗಳನ್ನು ಹೊಂದಿಸುವುದೇ 95ಕ್ಕೆ. ಇಲ್ಲಿ ಇದೇ ಜಗಳ 98, 100, 102ರ ಮೇಲೆ ನಡೆಯುತ್ತದೆ. ಮುಚ್ಚಳದ ಒಳಗೆ ಬರೆದಿರುವುದನ್ನು ಓದಿ ಎಂದು ಇಲ್ಲಿಯೂ ಯಾರಾದರೂ ಹೇಳುತ್ತಾರೆ, ಇಲ್ಲಿಯೂ ಯಾರೂ ಓದುವುದಿಲ್ಲ.

ಟ್ಯಾಂಕ್‌ಫುಲ್_ತಿಪಟೂರು • #19

ಎಲ್ಲ ಲೆಕ್ಕ ಸರಿ. ಆದ್ರೆ ನನ್ನ ಗಾಡಿ 95ರಲ್ಲಿ ನಿಜವಾಗ್ಲೂ ಸ್ಮೂತ್. ಅದನ್ನ ಹೇಗೆ ಅಲ್ಲ ಅಂತೀರಾ? ಕೂತು ಓಡಿಸೋನು ನಾನು.

ಒತ್ತಡ_1.0 • #20

ಒಂದು ಪರೀಕ್ಷೆ ಮಾಡಿ ಸಾರ್. ಮುಂದಿನ ನಾಲ್ಕು ಸಲ ಪೆಟ್ರೋಲ್ ಹಾಕಿಸೋಕೆ ಮನೆಯವರನ್ನ ಕಳಿಸಿ. ಯಾವುದು ಹಾಕಿಸಿದ್ರು ಅಂತ ಹೇಳ್ಬಾರ್ದು, ಬಿಲ್ ಅವರ ಹತ್ರವೇ ಇರ್ಲಿ. ನೀವು ಓಡಿಸಿ ಊಹೆ ಬರೆದಿಡಿ. ಕೊನೆಗೆ ತಾಳೆ ನೋಡಿ.

ಟ್ಯಾಂಕ್‌ಫುಲ್_ತಿಪಟೂರು • #21

ಮನೆಯವರನ್ನ ಬಂಕ್‌ಗೆ ಕಳಿಸೋದಾ? ನೀವು ಮದುವೆ ಆಗಿದ್ದೀರಾ?

ಕಡೂರು_ಕಾರ್ಬನ್ • #22

ಮೂರನೇ ಪ್ರಶ್ನೆ ಎಲ್ಲರೂ ಮರೆತರು. ಕ್ಲೀನಿಂಗ್.

ತೊಳೆಯುವುದು ಆಕ್ಟೇನ್ ಅಲ್ಲ, ಅದರ ಜೊತೆ ಬೆರೆಸಿದ ಡಿಟರ್ಜೆಂಟ್. 2000ದ ದಶಕದಲ್ಲಿ ನಮ್ಮಲ್ಲಿ ಬ್ರಾಂಡೆಡ್ ಪೆಟ್ರೋಲ್ ಅಂತ ಬಂದವು ನೆನಪಿದೆಯಾ? ಅವುಗಳಲ್ಲಿ ಹೆಚ್ಚಿನವುದರ ಆಕ್ಟೇನ್ ಮಾಮೂಲಿಯಷ್ಟೇ ಇತ್ತು, ವ್ಯತ್ಯಾಸ ಇದ್ದದ್ದು ಆ ಬೆರಕೆಯಲ್ಲಿ. ಈಗ ಎರಡೂ ಒಂದೇ ಪ್ಯಾಕೇಜಿನಲ್ಲಿ ಬರುತ್ತಿರುವುದರಿಂದ ಜನ 95 ಅಂದರೆ ಸೋಪಿನ ನೀರು ಅಂದುಕೊಂಡಿದ್ದಾರೆ.

ನಂದಿಯವರ ಇಂಜಿನ್‌ನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ವಾಲ್ವಿನ ಹಿಂದೆ ಸಿಂಪಡಿಸುತ್ತದೆ, ಅಲ್ಲಿ ಡಿಟರ್ಜೆಂಟ್‌ಗೆ ಕೆಲಸ ಇದೆ. ಒತ್ತಡ ಅವರ ಡೈರೆಕ್ಟ್ ಇಂಜೆಕ್ಷನ್ ಗಾಡಿಯಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಬೀಳುತ್ತದೆ. ಗಾಳಿ ಒಳಬರುವ ವಾಲ್ವಿನ ಬೆನ್ನಿಗೆ ಒಂದು ಹನಿಯೂ ತಾಗುವುದಿಲ್ಲ. ಅಲ್ಲಿ ಕೂತ ಕಾರ್ಬನ್‌ಗೆ ಯಾವ ದುಬಾರಿ ಪೆಟ್ರೋಲೂ ಮದ್ದಲ್ಲ, ಇಂಜೆಕ್ಟರ್ ಮೂತಿ ಮಾತ್ರ ಸ್ವಚ್ಛ ಇರಬಹುದು.

ಭಾವಮೈದನಿಗೆ ಹೇಳಿ: ತಿಂಗಳಿಗೊಮ್ಮೆ 100 ಹಾಕಿಸುವ ದುಡ್ಡಿಗೆ ಏರ್ ಫಿಲ್ಟರ್ ಬದಲಿಸಿ, ಟೈರಿಗೆ ಗಾಳಿ ಹೊಡೆಸಿ, ಉಳಿದದ್ದರಲ್ಲಿ ಕಡೂರಿಗೆ ಬನ್ನಿ, ತಟ್ಟೆ ಇಡ್ಲಿ ಕೊಡಿಸುತ್ತೇನೆ.

ನಾಗರಭಾವಿ_ನಂದಿ • #23 • ಎರಡೂವರೆ ತಿಂಗಳ ನಂತರ

ಚರ್ಚೆ ಸತ್ತಿದೆ ಅಂದ್ಕೊಂಡ್ರಾ? ಇಲ್ಲ, ಲೆಕ್ಕ ಬರೀತಿದ್ದೆ.

ಹೆಂಡತಿ ಮನೆ ಮೈಸೂರು, ಎರಡು ವಾರಕ್ಕೊಂದು ಸಲ ಹೋಗಿ ಬರ್ತೀವಿ. ಎಕ್ಸ್‌ಪ್ರೆಸ್‌ವೇ ಕ್ಯಾಮೆರಾ ಪುಣ್ಯದಿಂದ ವೇಗ 90-100 ದಾಟಲ್ಲ, ಹಾಗಾಗಿ ಪರೀಕ್ಷೆಗೆ ಒಳ್ಳೆ ದಾರಿ. ಒಂದೇ ಬಂಕ್, ಒಂದೇ ಪಂಪ್, ಮೊದಲ ಸಲ ಕಟ್ ಆದ ಕೂಡಲೇ ನಿಲ್ಸೋದು, ಮತ್ತೆ ಒತ್ತಿಸ್ಬಾರ್ದು. ಡ್ಯಾಶ್‌ಬೋರ್ಡ್ ಅಂಕಿ ಬಿಟ್ಟು, ಓಡಿದ ಕಿಲೋಮೀಟರ್ ಭಾಗಿಸು ಹಾಕಿದ ಲೀಟರ್. ಮಗಳ ಹಳೇ ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿದ್ದೀನಿ.

ನಾರ್ಮಲ್ ಮೂರು ಟ್ಯಾಂಕ್: 17.1, 18.0, 16.6.
95 ಮೂರು ಟ್ಯಾಂಕ್: 17.4, 16.9, 17.8.

ಸರಾಸರಿ 17.2 ಮತ್ತು 17.4. ಆ 16.6 ಬಂದಿದ್ದು ಮಳೆ ವಾರ, ಕೆಂಗೇರಿಯಲ್ಲಿ ಒಂದು ಗಂಟೆ ನಿಂತಿದ್ವಿ. ಒಂದೇ ಪೆಟ್ರೋಲ್‌ನ ಎರಡು ಟ್ಯಾಂಕ್ ನಡುವೆ ಇರೋ ವ್ಯತ್ಯಾಸ ಎರಡು ಪೆಟ್ರೋಲ್ ನಡುವಿನದಕ್ಕಿಂತ ದೊಡ್ಡದು.

ಆಮೇಲೆ ಕೂತು ದುಡ್ಡಿನ ಲೆಕ್ಕ ಹಾಕಿದೆ. 103 ಮತ್ತು 110 ಅಂತ ಇಟ್ಕೊಂಡ್ರೆ, 17 ಕೊಡೋ ಗಾಡಿ 95ರಲ್ಲಿ 18.2 ಕೊಡಬೇಕು, ಆಗ ಸಮ ಸಮ. ತಿಂಗಳಿಗೆ 40 ಲೀಟರ್, 280 ರೂಪಾಯಿ ಜಾಸ್ತಿ, ವರ್ಷಕ್ಕೆ 3,360. ಭಾವಮೈದನ 100 ಆಕ್ಟೇನ್ ಲೀಟರ್‌ಗೆ 160 ಅಂತ ಹಿಡಿದ್ರೆ ಲೀಟರ್‌ಗೆ 26.4 ಓಡ್ಬೇಕು. ಆ ಲೆಕ್ಕ ಅವನಿಗೆ ವಾಟ್ಸಾಪಲ್ಲಿ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬಂದಿಲ್ಲ.

ಈಗ ಅಸಲು ವಿಷಯ. ಹೋದ ಭಾನುವಾರ ಟ್ಯಾಂಕ್ ತುಂಬ 95 ಇಟ್ಕೊಂಡೇ ಚಾರ್ಮಾಡಿ ಹತ್ತಿದೆ. ಕುಡ್ಲದ ಅಣ್ಣ ಹೇಳಿದ ಹಾಗೆ ಎರಡನೇ ಗೇರ್. ಗೋಲಿ ಸದ್ದು ಇದೆ! ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗ ಹುಬ್ಬಳ್ಳಿ ಅಣ್ಣನ ಮಾತು ನೆನಪಾಯ್ತು. ಹೆಂಡತೀನ ಸೀಟಲ್ಲಿ ಕೂರ್ಸಿ ನ್ಯೂಟ್ರಲ್‌ನಲ್ಲಿ ಏರಿಸೋಕೆ ಹೇಳಿ ಹೊರಗೆ ಬಗ್ಗಿ ಕೇಳ್ದೆ. 2,200ರ ಹತ್ರ ಬಂದಾಗ ಗಲಗಲ, ದಾಟಿದ್ರೆ ಇಲ್ಲ.

ಗ್ಯಾರೇಜ್_ಹುಬ್ಬಳ್ಳಿ • #24

ಎರಡೂವರೆ ತಿಂಗಳು ಬೇಕಾತೇನ್ರಿ ಬಾನೆಟ್ ಎತ್ತಾಕ!

ನ್ಯೂಟ್ರಲ್ಲಿನ್ಯಾಗೂ ಬಂತಂದ್ರ ನಾಕಿಂಗ್ ಅಲ್ಲ. ಒಂದೇ ಆರ್‌ಪಿಎಮ್‌ಗೆ ಬಂದು ಹೋಗ್ತೈತಂದ್ರ ಯಾವುದೋ ತಗಡು ಕಂಪಿಸಾಕತ್ತೇತಿ. ನನ್ನ ಊಹೆ: ಸೈಲೆನ್ಸರ್ ಪೈಪಿನ ಮ್ಯಾಲಿನ ಹೀಟ್ ಶೀಲ್ಡ್. ತೆಳ್ಳನ ತಗಡು, ಬೋಲ್ಟ್ ತುಕ್ಕು ಹಿಡದು ಸಡ್ಲ ಆಗಿರ್ತೈತಿ. ಇಂಜಿನ್ ತಣ್ಣಗಾದ ಮ್ಯಾಲೆ, ತಣ್ಣಗಾದ ಮ್ಯಾಲೆ ಅಂತ ಎರಡು ಸಲ ಬರದೀನಿ ನೋಡ್ರಿ, ಗ್ಲೌಸ್ ಹಾಕ್ಕೊಂಡು ಅಲ್ಲಾಡಿಸ್ರಿ.

ಹಂಗೂ ಅಲ್ಲದ ನಾಕಿಂಗೇ ಇತ್ತು ಅನ್ನೂಣು, ಆಗೂ ನಾ ಮೊದಲು ಪೆಟ್ರೋಲ್ ಬದಲಿ ಮಾಡ್ತಿದ್ದಿಲ್ಲ. ಪಿಸ್ಟನ್ ತಲಿ ಮ್ಯಾಲೆ ಕಾರ್ಬನ್ ದಪ್ಪ ಕೂತಿದ್ರ ಜಾಗ ಸಣ್ಣದಾಗಿ ಕಂಪ್ರೆಷನ್ ಏರ್ತೈತಿ. ತಪ್ಪು ಪ್ಲಗ್, ಕೂಲಂಟ್ ಕಡಿಮಿ, ನಾಕ್ ಸೆನ್ಸರ್ ವಾಯರ್ ಇಲಿ ಕಡದಿರೂದು, ಇವನ್ನೆಲ್ಲ ನೋಡ್ತಿದ್ದೆ. ಹೊಸಾದಾಗಿ ಒಂದು ಬಂಕಿನ್ಯಾಗ ಹಾಕಿಸಿದ ಮ್ಯಾಲೇ ಶುರು ಆತಂದ್ರ ಬೆರಕಿ ಅನುಮಾನ. ಬಂಕಿನ್ಯಾಗ ಫಿಲ್ಟರ್ ಪೇಪರ್ ಕೇಳ್ರಿ, ಕೊಡಲೇಬೇಕು. ಒಂದು ಹನಿ ಬಿಟ್ರ ಎರಡು ನಿಮಿಷದಾಗ ಕಲೆ ಇಲ್ದ ಆರಬೇಕು.

ನಾಗರಭಾವಿ_ನಂದಿ • #25

ನೀವು ದೇವರು ಅಣ್ಣ. ನಾಗರಭಾವಿ ಸರ್ಕಲ್ ಹತ್ರ ಒಬ್ಬ ಮೆಕ್ಯಾನಿಕ್ ಹತ್ರ ಕೆಳಗೆ ಬಗ್ಗಿಸಿದೆ. ಹೀಟ್ ಶೀಲ್ಡ್‌ನ ಎರಡು ಬೋಲ್ಟಲ್ಲಿ ಒಂದು ಇಲ್ಲ, ಇನ್ನೊಂದರ ಸುತ್ತ ತಗಡು ತುಕ್ಕು ತಿಂದು ತೂತು ಅಗಲ ಆಗಿದೆ. ದೊಡ್ಡ ವಾಷರ್ ಹಾಕಿ ಹೊಸ ಬೋಲ್ಟ್ ಬಿಗಿದ. 80 ರೂಪಾಯಿ. ಸದ್ದು ಇಲ್ಲ.

ಆಫೀಸಲ್ಲಿ ಹೇಳ್ದೆ. "ಅದು 95 ಹಾಕಿದ್ರ ಎಫೆಕ್ಟು ಲೇಟಾಗಿ ಬಂದಿರುತ್ತೆ" ಅಂದ.

ಗ್ಯಾರೇಜ್_ಹುಬ್ಬಳ್ಳಿ • #26

ಅವ್ನ ಗಾಡಿ ನನ್ನ ಗ್ಯಾರೇಜಿಗೆ ಕಳಸ್ರಿ. ಮನಿ ಕಟ್ಟಸಾಕತ್ತೀನಿ, ಅಂಥ ಗಿರಾಕಿ ಬೇಕಾಗ್ಯಾರ.

ಕಬ್ಬಿನಗದ್ದೆ_ಮಂಡ್ಯ • #27

ಮೈಸೂರಿಗೆ ಹೋಗೋವಾಗ ಮದ್ದೂರಲ್ಲಿ ಇಳೀರಿ ನಂದಿಯವ್ರೇ. ಉಳಿದ 280ರಲ್ಲಿ ವಡೆ ತಿಂದು ಹೋಗಿ, ಕಬ್ಬಿನಾಲು ನಾನು ಕೊಡಿಸ್ತೀನಿ. ಆಕ್ಟೇನ್ ಇಲ್ದಿರೋದು.

ಹೊಸಬ_ಹಾಸನ • #28

ಪೂರ್ತಿ ಓದೋಕೆ ಆಗಲಿಲ್ಲ, ಕ್ಷಮಿಸಿ. ನನ್ನ ಹಳೇ ಸ್ಕೂಟರ್ ಏರಿನಲ್ಲಿ ಎಳೀತಿಲ್ಲ, ಒಂದು ಸಲ 100 ಆಕ್ಟೇನ್ ಹಾಕಿ ನೋಡ್ಲಾ?

ಗ್ಯಾರೇಜ್_ಹುಬ್ಬಳ್ಳಿ • #29

ಮೊದ್ಲ ಬೆಲ್ಟ್ ನೋಡಿಸ್ರಿ ತಮ್ಮಾ. ಆಮ್ಯಾಲೆ ಒಂದನೇದ್ರಿಂದ ಓದಕೋತ ಬರ್ರಿ.